ಮಗಳು ಹತ್ತಿ ಕೂತರೂ ಮುರಿಯದ ಗ್ಯಾರೇಜ್: ಎರಡೂವರೆ ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದು ನಮ್ಮ ಮನೆಯ ಎರಡನೇ ಗ್ಯಾರೇಜ್, ಅಂದರೆ ಆಟಿಕೆ ಕಾರು ನಿಲ್ಲಿಸುವ ಆಟಿಕೆ ಗ್ಯಾರೇಜ್. ಮೊದಲನೆಯದು ಹನ್ನೊಂದು ದಿನ ಬಾಳಿತು.

ಮಗಳಿಗೆ ಆಗ ಒಂದೂವರೆ ವರ್ಷ. ಚಕ್ರ ಇರುವುದೆಲ್ಲ ಅವಳಿಗೆ ಕಾರು, ಸೂಟ್‌ಕೇಸ್ ಕೂಡ. ಆನ್‌ಲೈನ್‌ನಲ್ಲಿ ಫೋಟೋ ನೋಡಿ ಮರುಳಾಗಿ ಐದು ಅಂತಸ್ತಿನ ಪ್ಲಾಸ್ಟಿಕ್ ಗ್ಯಾರೇಜ್ ತರಿಸಿದೆವು. ಬ್ಯಾಟರಿ ಲಿಫ್ಟ್, ಸೈರನ್, ಸುರುಳಿ ರಸ್ತೆ, ತಾರಸಿ ಮೇಲೊಂದು ಹೆಲಿಕಾಪ್ಟರ್. ಜೋಡಿಸುವುದರಲ್ಲಿ ನನ್ನ ಗಂಡನ ಭಾನುವಾರ ಪೂರ್ತಿ ಹೋಯಿತು. ಮಗಳು ಬಂದು ನೋಡಿದಳು, ಮೂರನೇ ಅಂತಸ್ತನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹತ್ತಲು ಕಾಲೆತ್ತಿದಳು. ಟಕ್ ಅಂತು. ಅಂತಸ್ತುಗಳನ್ನು ಕೂಡಿಸುವ ಕಡ್ಡಿಯಂಥ ಕೊಂಡಿಗಳು ಒಂದೊಂದಾಗಿ ಮುರಿದವು. ಅದಕ್ಕಿಂತ ಹೆದರಿಕೆ ಆಗಿದ್ದು ಸೈರನ್ ಡಬ್ಬಿ ನೋಡಿ. ಒಳಗೆ ಮೂರು ಬಟನ್ ಸೆಲ್, ಮುಚ್ಚಳಕ್ಕೆ ಸ್ಕ್ರೂ ಇಲ್ಲ, ಉಗುರಲ್ಲಿ ತಳ್ಳಿದರೆ ಜಾರುತ್ತದೆ. ಆ ಸೆಲ್ ಮಗುವಿನ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಅವತ್ತೇ ಕಿತ್ತು ಹಾಕಿದೆ.

ಎರಡನೆಯದನ್ನು ಮೈಸೂರಿನ ಒಂದು ಅಂಗಡಿಗೆ ಹೋಗಿ, ಕೈಯಲ್ಲಿ ಮುಟ್ಟಿ ತಂದೆ. ಮರದ್ದು, ಮೂರೇ ಅಂತಸ್ತು, ಒಂದೂವರೆ ಅಡಿ ಎತ್ತರ, ಕೈಯಿಂದ ತಿರುಗಿಸುವ ಲಿಫ್ಟ್, ಒಂದು ಇಳಿಜಾರು, ಒಂದು ಪೆಟ್ರೋಲ್ ಬಂಕ್. ಆಗ 3,200 ರೂಪಾಯಿ. ಕಂಪನಿ ಹೆಸರು ಬೇಡ, ಇಂಥದ್ದೇ ವಿನ್ಯಾಸ ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ. ಅಂಗಡಿಯಲ್ಲಿ ಜೋಡಿಸಿಟ್ಟಿದ್ದ ಪೀಸಿನ ಮೇಲೆ ಅಂಗೈ ಊರಿ ಭಾರ ಬಿಟ್ಟು ಒತ್ತಿ ನೋಡಿದೆ. ಅಂಗಡಿಯವರು ನನ್ನ ಮುಖ ನೋಡಿದರು. ನೋಡಲಿ ಬಿಡಿ. ಪಕ್ಕಕ್ಕೆ ತಳ್ಳಿದಾಗ ಅಲ್ಲಾಡಲಿಲ್ಲ, ಅಡ್ಡ ಹಲಗೆಗಳಿಗೆ ಬರೀ ಗೋಂದಲ್ಲ, ಸ್ಕ್ರೂ ಇತ್ತು. ಅಷ್ಟು ಸಾಕಾಯಿತು.

ಇವತ್ತಿಗೂ ಆ ಸ್ಕ್ರೂಗಳು ಗಟ್ಟಿ. ಮಗಳು ತಾರಸಿ ಮೇಲೆ ಕೂತು ಬಾಳೆಹಣ್ಣು ತಿಂದಿದ್ದಾಳೆ. ಆರು ತಿಂಗಳಿಗೊಮ್ಮೆ ಅವನ್ನು ತಿರುಗಿಸಿ ಬಿಗಿ ಮಾಡುತ್ತೇನೆ, ಅಷ್ಟೇ.

ಕೈಕೊಟ್ಟಿದ್ದು ಲಿಫ್ಟ್. ಅದರಲ್ಲಿ ಕಾರಿಗಿಂತ ಜಾಸ್ತಿ ಓಡಾಡಿದ್ದು ಈರುಳ್ಳಿ. ಅಡುಗೆಮನೆ ಬುಟ್ಟಿಯಿಂದ ಒಂದೊಂದೇ ತಂದು, ಲಿಫ್ಟಿನಲ್ಲಿಟ್ಟು, ಹಿಡಿ ತಿರುಗಿಸಿ ಮೂರನೇ ಅಂತಸ್ತಿನಲ್ಲಿ ಪಾರ್ಕ್ ಮಾಡುತ್ತಿದ್ದಳು. ಐದನೇ ತಿಂಗಳಿಗೆ ದಾರ ಕಿತ್ತುಹೋಯಿತು. ಅಂಗಡಿಗೆ ಫೋನ್ ಮಾಡಿದರೆ ಬಿಡಿಭಾಗ ಬರುವುದಿಲ್ಲ ಎಂದರು. ನನ್ನ ಮಾವ ಮೊದಲು ಹೂ ಕಟ್ಟುವ ದಾರ ಹಾಕಿದರು, ವಾರ ಬರಲಿಲ್ಲ. ಆಮೇಲೆ ಮೀನು ಹಿಡಿಯುವ ನೈಲಾನ್, ಅದರ ಗಂಟು ನಿಲ್ಲದೆ ಜಾರಿತು. ಕೊನೆಗೆ ತಮ್ಮ ಹಳೇ ಪೈಜಾಮದ ಲಾಡಿ ಕತ್ತರಿಸಿ, ತುದಿಯನ್ನು ಮೇಣದಲ್ಲಿ ಅದ್ದಿ ಚೂಪು ಮಾಡಿ, ತೂತಿನಲ್ಲಿ ತೂರಿಸಿದರು. ಎರಡು ವರ್ಷದಿಂದ ಲಿಫ್ಟ್ ಲಾಡಿ ಮೇಲೇ ಓಡುತ್ತಿದೆ. ಒಂದು ಎಚ್ಚರ: ದಾರ ಬದಲಿಸುವಾಗ ಉದ್ದ ಬಿಡಬೇಡಿ, ಕುತ್ತಿಗೆಗೆ ಸುತ್ತುವಷ್ಟು ಕುಣಿಕೆ ಆಗಕೂಡದು.

ಇಳಿಜಾರಿನ ಬಗ್ಗೆ ಯಾರೂ ಹೇಳುವುದಿಲ್ಲ. ಕಡಿದಾಗಿದ್ದರೆ ಕಾರು ಸೀದಾ ಸೋಫಾ ಕೆಳಗೆ, ಮಗು ಅದರ ಹಿಂದೆ, ನೀವು ಮಗುವಿನ ಹಿಂದೆ. ನಮ್ಮದು ತುಸು ನಿಧಾನದ ಇಳಿಜಾರು, ಅಂಚಿಗೆ ಬೆರಳು ದಪ್ಪದ ಕಟ್ಟೆ ಇದೆ, ಹಾಗಾಗಿ ಪರವಾಗಿಲ್ಲ. ಆದರೆ ಅಗಲ ಸಾಲದು. ಹಾಟ್ ವೀಲ್ಸ್ ಅಳತೆಯ, ಅಂದರೆ ಏಳು ಸೆಂಟಿಮೀಟರ್ ಉದ್ದದ ಕಾರುಗಳು ಆರಾಮಾಗಿ ಇಳಿಯುತ್ತವೆ. ತಮಾಷೆ ಏನೆಂದರೆ ಅವುಗಳ ಡಬ್ಬಿ ಮೇಲೆ 3 ವರ್ಷ ಮೇಲ್ಪಟ್ಟವರಿಗೆ ಅಂತ ಇರುತ್ತದೆ. ಚಿಕ್ಕ ಮಗುವಿಗೆ ಒಗ್ಗುವ, ದಪ್ಪ ಚಕ್ರದ ಚನ್ನಪಟ್ಟಣದ ಮರದ ಕಾರು ನಮ್ಮ ಹತ್ತಿರ ಎರಡಿದ್ದವು. ಎರಡೂ ಗ್ಯಾರೇಜಿನ ಬಾಗಿಲಲ್ಲೇ ಸಿಕ್ಕಿಕೊಂಡವು. ಹಾಗಾಗಿ ಕೊಳ್ಳಲು ಹೋಗುವಾಗ ಮನೆಯಲ್ಲಿರುವ ದೊಡ್ಡ ಕಾರೊಂದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ.

ಗುರುತಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2021ರ ಜನವರಿಯಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನವರ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳು ಮಾಡಿ ಮಾರುವ ಗೊಂಬೆಗಳಿಗೆ ವಿನಾಯಿತಿ ಇದೆ, ಹಾಗಾಗಿ ಅವುಗಳ ಮೇಲೆ ಕಾಣದಿದ್ದರೆ ಗಾಬರಿ ಬೇಡ. ಡಬ್ಬಿಯಲ್ಲಿ ಬರುವ ಫ್ಯಾಕ್ಟರಿ ಮಾಲಿನ ಮೇಲೆ ಗುರುತು ಇಲ್ಲದಿದ್ದರೆ ನಾನಂತೂ ಮುಟ್ಟುವುದಿಲ್ಲ. ಇನ್ನು ಬಿಡಿ ತುಂಡುಗಳು. ಮೂರು ವರ್ಷದೊಳಗಿನವರ ಆಟಿಕೆ ಪರೀಕ್ಷಿಸುವ ಕೊಳವೆಯ ಬಾಯಿ ಸುಮಾರು 32 ಮಿಲಿಮೀಟರ್, ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಅಗಲ. ಅದರೊಳಗೆ ಪೂರ್ತಿ ಇಳಿಯುವ ತುಂಡು ಬಾಯಿಗೂ ಹೋಗುತ್ತದೆ ಅಂತ ಲೆಕ್ಕ. ನಮ್ಮ ಪೆಟ್ರೋಲ್ ಬಂಕಿನ ಪೈಪಿನ ತುದಿ ಅಷ್ಟೇ ಇತ್ತು. ಕಿತ್ತು ಡ್ರಾಯರಿನಲ್ಲಿಟ್ಟೆ. ಮೂರು ತುಂಬಿದ ಮೇಲೆ ವಾಪಸ್ ಕೊಟ್ಟೆ, ಎರಡು ದಿನದಲ್ಲಿ ಕಳೆದುಹಾಕಿದಳು.

ಸ್ಟಿಕ್ಕರ್‌ಗಳ ಕಥೆ ಬರೆಯುವಷ್ಟಿಲ್ಲ. ಮೊದಲ ತಿಂಗಳಲ್ಲೇ ಕಿತ್ತು ಫ್ರಿಜ್ಜಿಗೆ ಅಂಟಿಸಿದ್ದಾಳೆ.

ನನಗೆ ನಿಜವಾಗಿ ಬೇಜಾರಾಗಿದ್ದು ತಳದ ಹಲಗೆ. ಮೇಲಿನದೆಲ್ಲ ಪ್ಲೈವುಡ್, ಕಣ್ಣಿಗೆ ಕಾಣದ ತಳ ಮಾತ್ರ ಎಂಡಿಎಫ್, ಅಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ. ಡಬ್ಬಿಯಲ್ಲಿ ಬರೀ 'ಮರ' ಅಂತ ಬರೆದಿದ್ದರು. ದಿನಾ ನೆಲ ಒರೆಸುವ ಮನೆ ನಮ್ಮದು. ಒದ್ದೆ ಬಟ್ಟೆ ಅಂಚಿಗೆ ತಾಗಿ ತಾಗಿ ಮೊದಲ ಮಳೆಗಾಲಕ್ಕೇ ತಳ ಉಬ್ಬಿತು, ನೀರಲ್ಲಿ ಬಿದ್ದ ರಸ್ಕಿನ ಹಾಗೆ ಪದರ ಪದರ ಬಿಚ್ಚಿಕೊಂಡಿತು. ಆ ಮೂಲೆ ಈಗ ಸ್ವಲ್ಪ ಓಲುತ್ತದೆ. ಅಂಗಡಿಯಲ್ಲೇ ಮಗುಚಿ ನೋಡಿದ್ದರೆ ಗೊತ್ತಾಗುತ್ತಿತ್ತು: ಪ್ಲೈವುಡ್ಡಿನ ಅಂಚಿನಲ್ಲಿ ಪದರದ ಗೆರೆಗಳು ಕಾಣುತ್ತವೆ, ಎಂಡಿಎಫ್ ಅಂಚು ಒಂದೇ ಸಮ, ಕಂದು ಹಿಟ್ಟಿನ ಹಾಗೆ.

ಕಳೆದ ವರ್ಷ ಕುರ್ಚಿ ಕಾಲಿಗೆ ಹಾಕುವ ರಬ್ಬರ್ ಬುಷ್ ನಾಲ್ಕು ತಂದು, ತಳಕ್ಕೆ ಸ್ಕ್ರೂ ಹೊಡೆದು, ನೆಲದಿಂದ ಅರ್ಧ ಇಂಚು ಎತ್ತಿಸಿದೆವು. ನಲವತ್ತು ರೂಪಾಯಿ. ಮೊದಲ ದಿನವೇ ಮಾಡಬೇಕಿತ್ತು. ಮಗಳಿಗೀಗ ನಾಲ್ಕು ವರ್ಷ. ಆ ಅರ್ಧ ಇಂಚಿನ ಸಂದಿಗೆ ಅವಳು 'ಬೇಸ್‌ಮೆಂಟ್' ಅಂತ ಹೆಸರಿಟ್ಟು, ನನ್ನ ಹೇರ್‌ಪಿನ್‌ಗಳನ್ನೆಲ್ಲ ಅಲ್ಲಿ ಪಾರ್ಕ್ ಮಾಡುತ್ತಿದ್ದಾಳೆ.