ಎನ್‌ಪಿಟಿಇಎಲ್ ಕೋರ್ಸ್: ಮೂರು ವರ್ಷ, ನಾಲ್ಕು ಸರ್ಟಿಫಿಕೇಟ್, ಒಂದು ಅಡಿಕೆ ರಾಶಿ

ನಾನು ಶಿರಸಿ ಕಡೆಯವನು, ಡಿಗ್ರಿ ಕಾಲೇಜಲ್ಲಿ ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕ. 2022ರ ಜುಲೈಯಿಂದ ಎನ್‌ಪಿಟಿಇಎಲ್ ಕೋರ್ಸ್ ಮಾಡ್ತಾ ಬಂದಿದ್ದೇನೆ. ಆನ್‌ಲೈನಲ್ಲಿ ಐಐಟಿ ಮೇಷ್ಟ್ರುಗಳ ಪಾಠ, ನೋಡೋಕೆ ದುಡ್ಡಿಲ್ಲ, ಸರ್ಟಿಫಿಕೇಟ್ ಬೇಕಿದ್ರೆ ಮಾತ್ರ ಪರೀಕ್ಷೆಗೆ ಸಾವಿರ ರೂಪಾಯಿ. ಇಷ್ಟು ಎಲ್ಲರಿಗೂ ಗೊತ್ತು.

ಗೊತ್ತಿಲ್ಲದ್ದು ಬುಧವಾರದ ಕಷ್ಟ. ಪ್ರತಿ ವಾರದ ಅಸೈನ್‌ಮೆಂಟ್‌ಗೆ ಬುಧವಾರ ರಾತ್ರಿ 11.59 ಕೊನೆ. ಮೊದಲ ವರ್ಷ ಆಗಸ್ಟಲ್ಲಿ ಮರ ಬಿದ್ದು ಎರಡು ದಿನ ಕರೆಂಟಿಲ್ಲ. ಕರೆಂಟ್ ಹೋದ್ರೆ ನಮ್ಮೂರ ಟವರೂ ಸಾಯುತ್ತದೆ. ರಾತ್ರಿ ಹತ್ತೂವರೆಗೆ ಕೊಡೆ ಹಿಡಿದು ಮನೆ ಹಿಂದಿನ ಗುಡ್ಡ ಹತ್ತಿದೆ, ಎರಡು ಕಡ್ಡಿ ಸಿಗ್ನಲ್ ಸಿಕ್ತು, 11.52ಕ್ಕೆ ಸಬ್ಮಿಟ್ ಒತ್ತಿದೆ. ಮನೆಗೆ ಬಂದು ನೋಡಿದ್ರೆ ಎಡಗಾಲಲ್ಲಿ ಮೂರು ಉಂಬಳ. ಆಮೇಲೆ ನಿಯಮ ಓದಿದೆ: ಹನ್ನೆರಡು ವಾರದ ಕೋರ್ಸಲ್ಲಿ ಚೆನ್ನಾಗಿ ಬಂದ ಎಂಟು ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ. ಅಂದ್ರೆ ಅವತ್ತು ಸುಮ್ನೆ ಮಲಗಿದ್ರೂ ಆಗ್ತಿತ್ತು! ಈಗ ಕಾಲೇಜು ವೈಫೈಯಲ್ಲಿ ಶನಿವಾರವೇ ವಿಡಿಯೋ ಇಳಿಸಿಕೊಳ್ತೇನೆ, ಸೋಮವಾರ ಕಾಲೇಜಿಗೆ ಹೋದ ಕೂಡಲೇ ಅಸೈನ್‌ಮೆಂಟ್ ಕಳಿಸಿಬಿಡ್ತೇನೆ.

ಆದ್ರೆ ಇದನ್ನು ಬರೆಯೋಕೆ ಕೂತಿದ್ದು ಜನವರಿ ಕೋರ್ಸಿನ ಸುಖ ಹೇಳೋಕೆ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡ ಬಂದುಹೋದ ಮೇಲೆ ನಮ್ಮಲ್ಲಿ ರಾತ್ರಿ ಅಡಿಕೆ ಸುಲಿಯುವ ಕೆಲಸ. ಮೆಟ್ಟುಗತ್ತಿ ಮುಂದೆ ಕೂತರೆ ಕೈ, ಕಣ್ಣು ಎರಡೂ ಬಿಡುವಿಲ್ಲ. ಕಿವಿ ಮಾತ್ರ ಖಾಲಿ. ಫೋನನ್ನು ಹಿತ್ತಾಳೆ ಚರಿಗೆಯೊಳಗೆ ಇಳಿಸಿದ್ರೆ ದನಿ ದೊಡ್ಡದಾಗುತ್ತದೆ, ಸ್ಪೀಕರ್ ಯಾಕೆ ಬೇಕು. ಬೋರ್ಡ್ ಕಾಣೋದಿಲ್ಲ, ಸೂತ್ರವನ್ನು ಮರುದಿನ ನೋಡಿಕೊಂಡರಾಯ್ತು. ಇಂಗ್ಲಿಷ್ ತಿಳಿಯದ ಅತ್ತೆ ಎರಡನೇ ದಿನವೇ ತೀರ್ಪು ಕೊಟ್ಟರು, "ಈ ಮಾಸ್ತರ ದನಿ ಚಲೋ ಇದ್ದು."

ಒಂದು ರಾತ್ರಿ ಸ್ಯಾಂಪ್ಲಿಂಗ್ ಪಾಠ. ಅದೆಂತದು ಅಂತ ಅತ್ತೆ ಕೇಳಿದರು. ವ್ಯಾಪಾರಿ ಚೀಲಕ್ಕೆ ಕೈ ಹಾಕಿ ಒಂದು ಮುಷ್ಟಿ ನೋಡಿ ಇಡೀ ಚೀಲಕ್ಕೆ ರೇಟು ಹೇಳ್ತಾನಲ್ಲ, ಅದೇ ಅಂದೆ. ಅತ್ತೆ ಕತ್ತಿಯಿಂದ ಕಣ್ಣೆತ್ತದೆ, "ಮೇಲಷ್ಟೇ ಚಲೋದು ಹಾಕಿಟ್ರೆ ಅಂವ ಎಂತ ಮಾಡ್ತ?" ಅಂದರು. ಮುಂದಿನ ವಾರದ ಪಾಠ ಅದೇ ಆಗಿತ್ತು! ಅವತ್ತಿಂದ ನನ್ನ ಕ್ಲಾಸಲ್ಲಿ ಬಯಾಸ್, ಅಂದ್ರೆ ಒಂದು ಕಡೆ ವಾಲಿದ ಸ್ಯಾಂಪಲ್ಲಿನ ಪಾಠ, ಶುರುವಾಗೋದು ಅಡಿಕೆ ಚೀಲದಿಂದ.

ಬೇಜಾರೂ ಇದೆ. ಅಂತಿಮ ಅಂಕದಲ್ಲಿ 25 ಅಸೈನ್‌ಮೆಂಟಿಗೆ, 75 ಪರೀಕ್ಷೆಗೆ. ಆ 25 ಈಗ ಬರೀ ನಾಟಕ. ನಮ್ಮ ಹುಡುಗರ ವಾಟ್ಸಾಪಿಗೆ ಮಂಗಳವಾರವೇ ಉತ್ತರ ಬಂದಿರುತ್ತದೆ, ವಿಡಿಯೋ ತೆರೆಯದೆಯೇ ಪೂರ್ತಿ ಅಂಕ. ಪರೀಕ್ಷೆಗೆ ಮಾತ್ರ ಸೆಂಟರಿಗೇ ಹೋಗಿ ಕೂರಬೇಕು, ಅಲ್ಲಿ ಬಣ್ಣ ಬಯಲು. ನನಗೆ ಸಿಕ್ಕಿದ್ದು ಹುಬ್ಬಳ್ಳಿ, ನೂರು ಕಿಲೋಮೀಟರ್. ಬೆಳಗಿನ ಬಸ್ಸು, ಎರಡು ಊಟ, ಒಂದು ದಿನದ ಕ್ಲಾಸು ಹೋಯ್ತು. ಗಂಟೆ ಲೆಕ್ಕದಲ್ಲಿ ದುಡಿಯುವವನಿಗೆ ಇದು ಸಣ್ಣ ಖರ್ಚಲ್ಲ.

ಗಂಟೆ ಅಂದಾಗ ಇನ್ನೊಂದು. 2021ರ ಯುಜಿಸಿ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸನ್ನು ‘ಸ್ವಯಂ’ (ಎನ್‌ಪಿಟಿಇಎಲ್ ಕೋರ್ಸುಗಳೂ ಇರುವ ಕೇಂದ್ರ ಸರ್ಕಾರದ ಆನ್‌ಲೈನ್ ತಾಣ) ಮೂಲಕವೇ ಮಾಡಬಹುದು, ಮೊದಲು ಶೇ. 20 ಇತ್ತು. ಸ್ಟಾಫ್‌ರೂಮಲ್ಲಿ ಈ ಮಾತು ಬಂದ್ರೆ ಎಲ್ಲರೂ ಚಹಾ ಕಪ್ಪನ್ನೇ ನೋಡ್ತಾರೆ. ನಾನು ಇಷ್ಟಪಟ್ಟು ಕೇಳುವ ಮೇಷ್ಟ್ರೇ ನನ್ನ ವರ್ಕ್‌ಲೋಡ್ ತಿನ್ನಬಹುದು ಅಲ್ವಾ?

ಆದ್ರೂ ಐದನೆಯದಕ್ಕೆ ಹೆಸರು ಕೊಟ್ಟಿದ್ದೇನೆ. ಈ ಸಲ ಪರೀಕ್ಷೆ ಬರೆಯೋದಿಲ್ಲ, ಸಾವಿರ ಉಳೀತು. ಜನವರಿ ಕೋರ್ಸೇ ಆರಿಸಿದ್ದು. ಹಳೇ ಮಾಸ್ತರೇ ಬರ್ತಾರಾ ಅಂತ ಅತ್ತೆ ಆಗಲೇ ಎರಡು ಸಲ ಕೇಳಿಯಾಯ್ತು.