ಕಾಗೆ ತಲೆಗೆ ಹೊಡೆಯಿತು ಅಂತ ಹೆದರಿ 26,001 ರೂಪಾಯಿ ಕಳೆದುಕೊಂಡೆ, ನೀವು ಕಳೆದುಕೊಳ್ಳಬೇಡಿ

ಮೊದಲೇ ಹೇಳಿಬಿಡುತ್ತೇನೆ. ಕಾಗೆ ತಲೆಗೆ ಹೊಡೆದರೆ, ಹಲ್ಲಿ ಮೈಮೇಲೆ ಬಿದ್ದರೆ, ಬೆಕ್ಕು ಅಡ್ಡ ಬಂದರೆ, ದಯವಿಟ್ಟು ಆ ಹೊತ್ತಿನಲ್ಲಿ ಮೊಬೈಲ್ ಕೈಗೆ ತೆಗೆದುಕೊಳ್ಳಬೇಡಿ. ಪರಿಹಾರ ಹುಡುಕಬೇಡಿ. ನಾನು ಹುಡುಕಿದೆ. ಐದು ದಿನದಲ್ಲಿ 26,001 ರೂಪಾಯಿ ಹೋಯಿತು. ಚೀಟಿ ಎತ್ತಿ ಮಗಳ ಕಾಲೇಜು ಫೀಸಿಗೆ ಅಂತ ಇಟ್ಟಿದ್ದ ದುಡ್ಡು ಅದು.

ಬರೆಯುವುದಕ್ಕೆ ನಾಚಿಕೆ ಆಗುತ್ತಿದೆ. ಇಷ್ಟು ದಿನ ಬರೆಯದೇ ಇದ್ದದ್ದೂ ಅದಕ್ಕೇ. ಆದರೆ ಹಾಸನದಲ್ಲಿರುವ ನನ್ನ ಚಿಕ್ಕಮ್ಮನ ಮಗಳಿಗೂ ಅದೇ ಮನುಷ್ಯ ಅದೇ ಮಾತು ಹೇಳಿ ದುಡ್ಡು ಕಿತ್ತಿದ್ದಾನೆ ಅಂತ ಗೊತ್ತಾದ ಮೇಲೆ ಸುಮ್ಮನಿರಲು ಆಗಲಿಲ್ಲ.

ನಡೆದದ್ದು 2025ರ ಏಪ್ರಿಲ್ ತಿಂಗಳಲ್ಲಿ. ನಮ್ಮ ಮನೆ ತುಮಕೂರಿನಲ್ಲಿ. ಮಗಳು ಸೆಕೆಂಡ್ ಪಿಯು ಮುಗಿಸಿದ್ದಳು. 8ನೇ ತಾರೀಕು ರಿಸಲ್ಟ್ ಬಂತು, ಅವಳು ಅಂದುಕೊಂಡಷ್ಟು ಅಂಕ ಬರಲಿಲ್ಲ. 16 ಮತ್ತು 17ಕ್ಕೆ ಸಿಇಟಿ. ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ. 10ನೇ ತಾರೀಕು ಬೆಳಿಗ್ಗೆ ಹಾಲು ತೆಗೆದುಕೊಂಡು ಬರುತ್ತಿದ್ದೆ. ನಮ್ಮ ಗೇಟಿನ ಪಕ್ಕ ಒಂದು ಹೊಂಗೆ ಮರ ಇದೆ. ಹಿಂದಿನಿಂದ ಬಂದ ಕಾಗೆ ರಪ್ ಅಂತ ತಲೆಗೆ ಹೊಡೆದು ಹೋಯಿತು. ಸಂಜೆ ಮತ್ತೆ ಹೊಡೆಯಿತು. ಮರುದಿನ ಬೆಳಿಗ್ಗೆ ಮಗಳಿಗೆ. ನನಗೆ ಹೊಡೆದಾಗ ಅಷ್ಟು ಅನ್ನಿಸಿರಲಿಲ್ಲ. ಅವಳಿಗೆ ಹೊಡೆದದ್ದು ನೋಡಿ ಕೈಕಾಲು ತಣ್ಣಗಾಯಿತು.

ಕಾಗೆ ತಲೆ ಮುಟ್ಟಿದರೆ ಏನು ಅಂತಾರೆ ಅನ್ನೋದು ನಿಮಗೆ ಗೊತ್ತೇ ಇದೆ. ಶನಿಯ ವಾಹನ, ಸಾವಿನ ಸೂಚನೆ. ನಮ್ಮ ಅಜ್ಜಿ ತುರುವೇಕೆರೆ ಕಡೆಯವರು. ಅವರ ಕಾಲದಲ್ಲಿ ಯಾರಿಗಾದರೂ ಕಾಗೆ ತಲೆಗೆ ಬಡಿದರೆ, ಅವರು ಸತ್ತೇ ಹೋದರು ಅಂತ ದೂರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸುತ್ತಿದ್ದರಂತೆ. ನೆಂಟರು ಗೋಳೋ ಅಂತ ಅತ್ತರೆ ದೋಷ ಕಳೆಯಿತು. ಆಮೇಲೆ ನಿಜ ಹೇಳುತ್ತಿದ್ದರು. ಇಲ್ಲದಿದ್ದರೆ ತಲೆಗೆ ಸ್ನಾನ ಮಾಡಿ, ಶನಿವಾರ ದೇವಸ್ಥಾನದಲ್ಲಿ ಎಳ್ಳೆಣ್ಣೆ ದೀಪ ಹಚ್ಚಿ ಬರುವುದು. ಅಷ್ಟೇ. ಹತ್ತಿಪ್ಪತ್ತು ರೂಪಾಯಿ ಖರ್ಚು, ಮನಸ್ಸಿಗೆ ಸಮಾಧಾನ. ನಾನೂ ಅಷ್ಟನ್ನೇ ಮಾಡಿ ಬಿಟ್ಟಿದ್ದರೆ ಇವತ್ತು ಇದನ್ನು ಬರೆಯಬೇಕಾಗಿರಲಿಲ್ಲ.

ಆದರೆ ಅದೇ ಹೊತ್ತಿಗೆ ಟಿವಿಯಲ್ಲಿ ದಿನವಿಡೀ ಶನಿಯದ್ದೇ ಮಾತು. ಯುಗಾದಿಯ ಹಿಂದಿನ ದಿನ, ಮಾರ್ಚ್ 29ಕ್ಕೆ ಶನಿ ಮೀನ ರಾಶಿಗೆ ಬಂದ, ಮೇಷದವರಿಗೆ ಸಾಡೇಸಾತಿ ಶುರು ಅಂತ. ನನ್ನ ಮಗಳದ್ದು ಮೇಷ. ಅಂಕ ಕಡಿಮೆ, ಮೇಷ ರಾಶಿ, ಈಗ ಕಾಗೆ. ತಲೆಯಲ್ಲಿ ಎಲ್ಲಾ ಒಂದಕ್ಕೊಂದು ಗಂಟು ಬಿದ್ದುಬಿಟ್ಟಿತು. ರಾತ್ರಿ ಮೊಬೈಲಿನಲ್ಲಿ ‘ಕಾಗೆ ತಲೆಗೆ ಹೊಡೆದರೆ ಪರಿಹಾರ’ ಅಂತ ಹುಡುಕಿದೆ. ಕಾವಿ ಶಾಲು ಹೊದ್ದ ಒಬ್ಬರ ಫೋಟೋ, ಕೆಳಗೆ ಫೋನ್ ನಂಬರು. ‘ಮೊದಲ ಸಲಹೆ ಉಚಿತ’ ಅಂತ ಬರೆದಿತ್ತು.

ಫೋನ್ ಎತ್ತಿದವನ ದನಿ ಬಹಳ ಮೆತ್ತಗಿತ್ತು. ‘ಹೇಳಿ ತಾಯಿ’ ಅಂದ. ನಾನು ಎಲ್ಲಾ ಹೇಳಿದೆ. ಎಲ್ಲಾ ಅಂದರೆ ಎಲ್ಲಾ. ಮಗಳ ಹೆಸರು, ನಕ್ಷತ್ರ, ಅಂಕ, ಸಿಇಟಿ ತಾರೀಕು. ಅವನು ಕೇಳಿದ್ದು ಸ್ವಲ್ಪ, ನಾನೇ ಸುರಿದದ್ದು ಜಾಸ್ತಿ. ಐದು ನಿಮಿಷ ಬಿಟ್ಟು ಅದನ್ನೇ ನನಗೆ ತಿರುಗಿಸಿ ಹೇಳಿದ. ‘ಮಗುವಿನ ವಿದ್ಯೆಗೆ ತಡೆ ಕಾಣ್ತಿದೆ ತಾಯಿ, ಈ ತಿಂಗಳಲ್ಲೇ ಒಂದು ದೊಡ್ಡ ಪರೀಕ್ಷೆ ಇದೆ ಅಲ್ವಾ?’ ಆ ಕ್ಷಣಕ್ಕೆ ನಾನು ಬೆರಗಾಗಿಬಿಟ್ಟೆ. ನಾನೇ ಹೇಳಿದ್ದೆ ಅನ್ನೋದು ನೆನಪೇ ಬರಲಿಲ್ಲ! ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಶುಕ್ರವಾರ ಕವಡೆ ಹಾಕಿ ನೋಡಲು 501. ಶನಿವಾರ ಶನಿಶಾಂತಿ ಹೋಮಕ್ಕೆ 5,500. ನಾವು ಹೋಗಬೇಕಾಗಿಲ್ಲ, ಅವರೇ ಮಾಡಿ ವೀಡಿಯೋ ಕಳಿಸುತ್ತಾರಂತೆ. ಸಂಜೆ ವೀಡಿಯೋ ಬಂತು. ಹೋಮಕುಂಡ, ಹೊಗೆ, ಮಂತ್ರ. ಸಂಕಲ್ಪದಲ್ಲಿ ಹೆಸರು ಸರಿಯಾಗಿ ಕೇಳಿಸುವುದಿಲ್ಲ, ಅಷ್ಟರಲ್ಲಿ ಜೋರಾಗಿ ಗಂಟೆ ಬಾರಿಸುತ್ತಾರೆ. ಹಿಂದುಗಡೆ ಎಲ್ಲೋ ಕುಕ್ಕರ್ ಮೂರು ಸಲ ಕೂಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಆ ಕುಕ್ಕರ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ಭಾನುವಾರ ಬೆಳಿಗ್ಗೆ ಕಾಗೆ ಮತ್ತೆ ಹೊಡೆಯಿತು. ಅಳುತ್ತಾ ಫೋನ್ ಮಾಡಿದೆ. ‘ಹೋಮ ಆದಮೇಲೂ ಹೊಡೀತಲ್ಲ ಗುರೂಜಿ’ ಅಂದೆ. ಅವನ ಉತ್ತರ ಕೇಳಿ. ‘ಒಳ್ಳೇದೇ ಆಯ್ತು ತಾಯಿ. ಶನಿ ಹೊರಡ್ತಿದಾನೆ. ಹೋಗೋವಾಗ ಒಂದು ಸಲ ಒದ್ದೇ ಹೋಗೋದು ಅವನು.’ ನನಗೆ ಸಮಾಧಾನವೇ ಆಗಿಹೋಯಿತು. ಹೊಡೆದರೂ ಅವನ ಮಾತು ನಿಜ, ಹೊಡೆಯದಿದ್ದರೂ ಅವನ ಮಾತು ನಿಜ. ಆಗ ಹೊಳೆಯಲಿಲ್ಲ.

ಸೋಮವಾರ ಕಪ್ಪು ಕುದುರೆ ಲಾಳದ ಉಂಗುರಕ್ಕೆ 11,000. ಅಷ್ಟೊಂದಾ ಅಂದಿದ್ದಕ್ಕೆ ‘ಮುಖ್ಯಮಂತ್ರಿ ಕಾರಿನ ಮೇಲೆ ಕಾಗೆ ಕೂತಾಗ ಎಷ್ಟು ಗಲಾಟೆ ಆಯ್ತು ನೋಡಿದ್ರಲ್ಲ, ಅಂಥವರಿಗೇ ಹಾಗೆ, ನಿಮ್ಮ ಮಗು ಯಾವ ಲೆಕ್ಕ’ ಅಂದ. ಗಲಾಟೆ ನನಗೂ ನೆನಪಿತ್ತು. 2016ರಲ್ಲಿ ಸಿದ್ದರಾಮಯ್ಯ ಅವರ ಕಾರಿನ ಮೇಲೆ ಕಾಗೆ ಕೂತಿತ್ತು, ಟಿವಿಯವರು ಅದನ್ನೇ ಅಗೆದರು. ಆದರೆ ಅವರು 2018ರವರೆಗೆ ಐದು ವರ್ಷ ಪೂರ್ತಿ ಮುಗಿಸಿದರಲ್ಲ, ಅದೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿಗೆ ಬರಲಿಲ್ಲ. ಹೆದರಿದವರಿಗೆ ಹಾಗೇ ಆಗುತ್ತದೆ, ಗೊತ್ತಿರುವುದು ಕೂಡ ಕೈಗೆ ಸಿಗುವುದಿಲ್ಲ.

ಮಂಗಳವಾರ, ಸಿಇಟಿಯ ಹಿಂದಿನ ದಿನ, ಅವನೇ ಫೋನ್ ಮಾಡಿದ. ಸರಸ್ವತಿ ಕವಚ, 21,000. ಇಲ್ಲ ಅಂದೆ. ನನ್ನ ಹತ್ತಿರ ಇಲ್ಲ ಅಂದೆ. ದನಿ ಬದಲಾಯಿತು. ‘ಅರ್ಧಕ್ಕೆ ನಿಲ್ಲಿಸಿದ್ರೆ ದೋಷ ದುಪ್ಪಟ್ಟಾಗುತ್ತೆ. ನಾಳೆ ಹಾಲ್‌ನಲ್ಲಿ ಮಗುಗೆ ಏನಾದ್ರೂ ಆದ್ರೆ ನನ್ನ ಕೇಳಬೇಡಿ.’ ಅಷ್ಟೇ ಸಾಕಾಯಿತು. ನಡುಗುವ ಕೈಯಲ್ಲಿ 9,000 ಕಳಿಸಿದೆ, ಉಳಿದದ್ದು ಆಮೇಲೆ ಅಂತ. ಪಕ್ಕದ ಕೋಣೆಯಲ್ಲಿ ನಮ್ಮ ಯಜಮಾನರು ಮಗಳ ಹಾಲ್ ಟಿಕೆಟ್ ಫೈಲಿಗೆ ಹಾಕುತ್ತಿದ್ದರು. ಅವರಿಗೆ ಒಂದು ಮಾತು ಹೇಳಲಿಲ್ಲ. ನನಗೆ ಅತಿ ಹೆಚ್ಚು ನಾಚಿಕೆ ಆಗುವುದು ಇದಕ್ಕೇ.

ಮಗಳು ಎರಡೂ ದಿನ ಪರೀಕ್ಷೆ ಬರೆದು ಬಂದಳು. ಏನೂ ಆಗಲಿಲ್ಲ. ಶುಕ್ರವಾರ ಬೆಳಿಗ್ಗೆ ಪೇಪರ್ ಹಾಕುವ ಹುಡುಗ ತಲೆ ಮೇಲೆ ಪೇಪರ್ ಕಟ್ಟು ಇಟ್ಟುಕೊಂಡು ನಮ್ಮ ಗೇಟಿಗೆ ಬಂದ. ಏನಪ್ಪಾ ಇದು ಅಂದೆ. ‘ಅಕ್ಕಾ, ಮೇಲೆ ಗೂಡಿದೆ ನೋಡಿ. ಮರಿ ಮಾಡಿದೆ. ಯಾರು ಬಂದ್ರೂ ಹೊಡಿಯುತ್ತೆ. ನಂಗೆ ಹದಿನೈದು ದಿನದಿಂದ ಹೊಡೀತಿದೆ.’

ತಲೆ ಎತ್ತಿ ನೋಡಿದೆ. ಅಷ್ಟೇ ನಾನು ಮಾಡಬೇಕಾಗಿದ್ದದ್ದು. ತಲೆ ಎತ್ತಿ ನೋಡುವುದು! ಹೊಂಗೆ ಮರದ ಕವಲಿನಲ್ಲಿ ಕಡ್ಡಿ, ತಂತಿ ಸೇರಿಸಿ ಕಟ್ಟಿದ ಗೂಡು. ಬೇಸಿಗೆಯಲ್ಲಿ ಕಾಗೆ ಮೊಟ್ಟೆ ಇಡುತ್ತದೆ, ಗಂಡು ಹೆಣ್ಣು ಎರಡೂ ಕಾಯುತ್ತವೆ, ಗೂಡಿನ ಕೆಳಗೆ ಬಂದವರಿಗೆ ಹಿಂದಿನಿಂದ ಬಂದು ತಲೆಗೇ ಹೊಡೆಯುತ್ತವೆ. ಮರಿ ಹಾರುವವರೆಗೆ ಮೂರ್ನಾಲ್ಕು ವಾರ ಈ ಕಾಟ. ಕೊಡೆ ಹಿಡಿದುಕೊಂಡು ಹೋದರೆ ಮುಗಿಯಿತು. ಅದೂ ತಾಯಿ, ಮಗುವಿಗೆ ಹೆದರಿ ಹೊಡೆಯುತ್ತಿತ್ತು. ನಾನೂ ಮಗುವಿಗೆ ಹೆದರಿಯೇ ದುಡ್ಡು ಕಳಿಸಿದ್ದೆ.

ಅವನಿಗೆ ಫೋನ್ ಮಾಡಿ ಗೂಡಿನ ವಿಷಯ ಹೇಳಿದೆ. ಒಂದು ಕ್ಷಣವೂ ತಡವರಿಸಲಿಲ್ಲ. ‘ಊರಲ್ಲಿ ಅಷ್ಟು ಮರ ಇರುವಾಗ ನಿಮ್ಮ ಗೇಟಿನ ಮುಂದೆಯೇ ಯಾಕೆ ಗೂಡು ಕಟ್ಟಿತು? ಯೋಚನೆ ಮಾಡಿ ತಾಯಿ.’ ಆ ಒಂದು ವಾಕ್ಯ ನನ್ನ ಕಿವಿಯಲ್ಲಿ ಇನ್ನೂ ಇದೆ. ನಿಜ ಹೇಳುತ್ತೇನೆ, ಅರ್ಧ ಗಂಟೆ ಮತ್ತೆ ನಂಬಿಬಿಟ್ಟಿದ್ದೆ. ಕಣ್ಣಾರೆ ಗೂಡು ನೋಡಿದ ಮೇಲೂ.

ಆ ರಾತ್ರಿ ಮನಸ್ಸು ತಡೆಯದೆ ಹಾಸನದ ತಂಗಿಗೆ ಹೇಳಿಕೊಂಡೆ. ಅವಳು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಕೇಳಿದಳು, ‘ಅಕ್ಕ, ಆ ವೀಡಿಯೋದಲ್ಲಿ ಕುಕ್ಕರ್ ಕೂಗುತ್ತಾ?’ ನನಗೆ ಉಸಿರೇ ನಿಂತ ಹಾಗಾಯಿತು. ಅವಳ ಗಂಡನ ಭುಜದ ಮೇಲೆ ಹಲ್ಲಿ ಬಿದ್ದಿತ್ತಂತೆ, ಅದೇ ವಾರ ಸ್ಕೂಟರಿನಿಂದ ಬಿದ್ದರಂತೆ. ಫೆಬ್ರವರಿಯಲ್ಲಿ ಅವಳೂ ಹೋಮ ಮಾಡಿಸಿದ್ದಳು. ಇಬ್ಬರೂ ವೀಡಿಯೋ ಕಳಿಸಿಕೊಂಡು ನೋಡಿದೆವು. ಅದೇ ಹೊಗೆ, ಅದೇ ಗಂಟೆ, ಅದೇ ಮೂರು ಸೀಟಿ. ನನ್ನ ಮಗಳ ಹೆಸರಲ್ಲಿ ಏಪ್ರಿಲ್‌ನಲ್ಲಿ ಮಾಡಿದ ಹೋಮ ಫೆಬ್ರವರಿಯಲ್ಲೇ ಮುಗಿದುಹೋಗಿತ್ತು.

ದುಡ್ಡು ವಾಪಸ್ ಕೊಡಿ ಅಂದೆ. ‘ಅಗ್ನಿಗೆ ಹಾಕಿದ ತುಪ್ಪ ವಾಪಸ್ ತೆಗೆಯೋಕಾಗುತ್ತಾ?’ ಅಂದ. ಪೊಲೀಸರ ಹತ್ತಿರ ಹೋಗುತ್ತೇನೆ ಅಂದೆ. ಆಗ ಮೆಸೇಜ್ ಬಂತು: ‘ಮಗಳ ಫೋಟೋ ನಮ್ಮ ಪೂಜೆಯಲ್ಲೇ ಇದೆ, ನೆನಪಿರಲಿ.’ ಆಮೇಲೆ ಬ್ಲಾಕ್. ಕವಡೆ ನೋಡಲು ಬೇಕು ಅಂತ ನಾನೇ ಕಳಿಸಿದ್ದ ಫೋಟೋ ಅದು. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಯಜಮಾನರಿಗೆ ಎಲ್ಲಾ ಹೇಳಿದೆ. ಬೈಯಲಿಲ್ಲ. ‘ಮೊದಲೇ ಹೇಳಬಾರದಿತ್ತಾ’ ಅಂದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

1930ಕ್ಕೆ ಫೋನ್ ಮಾಡಿದೆವು, ಸೈಬರ್ ವಂಚನೆಗೆ ಇರುವ ನಂಬರು. ಪ್ರತಿ ಪಾವತಿಯ ಟ್ರಾನ್ಸಾಕ್ಷನ್ ನಂಬರು, ತಾರೀಕು ಕೇಳಿದರು. ದೂರು ದಾಖಲಾಯಿತು. ಆದರೆ ನಾವು ಹೋದದ್ದು ತಡ. ದುಡ್ಡು ಹೋದ ತಕ್ಷಣ ಹೇಳಿದರೆ ಮಾತ್ರ ಆ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಇರುವುದು. ಠಾಣೆಯಲ್ಲಿ ‘ನೀವೇ ಕಳಿಸಿದ್ದೀರಲ್ಲಮ್ಮ’ ಅಂದರು. ಮೂಢನಂಬಿಕೆ ಕಾಯ್ದೆ ಇದೆಯಲ್ಲ ಅಂತ ನಾನು ಕೇಳಿದೆ. ಇದೆ, 2017ರದ್ದು, 2020ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಜ್ಯೋತಿಷ್ಯ, ವಾಸ್ತು ಅದರಿಂದ ಹೊರಗೆ. ಜ್ಯೋತಿಷಿ ಅಂತ ಬೋರ್ಡ್ ಹಾಕಿಕೊಂಡವನನ್ನು ಅದರಲ್ಲಿ ಹಿಡಿಯುವುದು ಕಷ್ಟ. ವಂಚನೆ ಅಂತಲೇ ದೂರು ಕೊಡಬೇಕು, ಹಿಂದೆ 420 ಅನ್ನುತ್ತಿದ್ದರಲ್ಲ, ಈಗ ನ್ಯಾಯ ಸಂಹಿತೆಯ 318. ಠಾಣೆಗೆ ಹೋದರೆ ಬರೀ ಮೋಸ ಹೋದೆ ಅನ್ನಬೇಡಿ. ಹೋಮ ಮಾಡಿದ್ದೇನೆ ಅಂತ ಹಳೇ ವೀಡಿಯೋ ಕಳಿಸಿ ದುಡ್ಡು ತೆಗೆದುಕೊಂಡ ಅಂತ ಬಿಡಿಸಿ ಬರೆದುಕೊಡಿ.

ಉಂಗುರ ಹತ್ತು ದಿನದ ಮೇಲೆ ಕೊರಿಯರ್‌ನಲ್ಲಿ ಬಂತು. ಜಾತ್ರೆಯಲ್ಲಿ ಬುಟ್ಟಿಗಟ್ಟಲೆ ಮಾರುತ್ತಾರಲ್ಲ, ಅಂಥದ್ದೇ ಕಬ್ಬಿಣ. ಬಿಸಾಡಿಲ್ಲ, ಸಾಕ್ಷಿಗೆ ಅಂತ ಕವರ್ ಸಮೇತ ಇಟ್ಟಿದ್ದೇನೆ.

ಇನ್ನೊಂದು ಮಾತು. ನಿಮಗೆ ಶನಿಕಾಟ ಇದೆ ಅಂತ ಯಾರಾದರೂ ಹೇಳಿದರೆ ‘ಹೇಗೆ ಗೊತ್ತಾಯ್ತು’ ಅಂತ ಬೆರಗಾಗಬೇಡಿ. ನಾನು ಆಮೇಲೆ ಕೂತು ಎಣಿಸಿದೆ. ಶನಿ ಮೀನದಲ್ಲಿದ್ದರೆ ಕುಂಭ, ಮೀನ, ಮೇಷಕ್ಕೆ ಸಾಡೇಸಾತಿ. ಸಿಂಹಕ್ಕೆ ಅಷ್ಟಮ, ವೃಶ್ಚಿಕಕ್ಕೆ ಪಂಚಮ, ಧನುವಿಗೆ ಅರ್ಧಾಷ್ಟಮ. ಹನ್ನೆರಡರಲ್ಲಿ ಆರು! ಶನಿ ಯಾವ ರಾಶಿಗೆ ಹೋದರೂ ಲೆಕ್ಕ ಇಷ್ಟೇ. ಫೋನ್ ಮಾಡಿದ ಇಬ್ಬರಲ್ಲಿ ಒಬ್ಬರಿಗೆ ಅವನ ಮಾತು ಹೊಂದಿಯೇ ಹೊಂದುತ್ತದೆ. ಮೇಲಿಂದ ಹೆದರಿದವರು ಮಾತ್ರ ಫೋನ್ ಮಾಡುವುದು.

ನಾನು ದೇವರನ್ನು ನಂಬುವವಳು. ಶನಿವಾರ ದೀಪ ಈಗಲೂ ಹಚ್ಚುತ್ತೇನೆ. ಯಾರ ನಂಬಿಕೆಗೂ ನಾನು ಅಡ್ಡ ಬರುವುದಿಲ್ಲ. ವರ್ಷಕ್ಕೊಮ್ಮೆ ಮಾವನವರ ತಿಥಿಯ ದಿನ ಇದೇ ಕಾಗೆ ಬಂದು ಎಡೆ ಮುಟ್ಟಲಿ ಅಂತ ಮನೆಯವರೆಲ್ಲ ಕಾಯುತ್ತೇವೆ. ಫೋನಿನಲ್ಲಿ ದುಡ್ಡು ಕೇಳುವವನಿಗೆ ಮಾತ್ರ ಒಂದು ರೂಪಾಯಿ ಕಳಿಸಬೇಡಿ. ಮಕ್ಕಳ ಫೋಟೋ ಕಳಿಸಲೇಬೇಡಿ. ಮೊದಲು ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ‘ಅರ್ಧಕ್ಕೆ ನಿಲ್ಲಿಸಿದರೆ ದುಪ್ಪಟ್ಟು’ ಅಂದ ಕೂಡಲೇ ಫೋನ್ ಇಡಿ.

ಆ ಕುಕ್ಕರ್ ಮೂರು ಸಲ ಕೂಗುವ ಹೋಮದ ವೀಡಿಯೋ ನಿಮಗೂ ಬಂದಿದ್ದರೆ ದಯವಿಟ್ಟು ಅಳಿಸಬೇಡಿ. ಅದು ಬಂದ ತಾರೀಕು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟು 1930ಕ್ಕೆ ದೂರು ಕೊಡಿ. ನನ್ನದು ಏಪ್ರಿಲ್ 12, ತಂಗಿಯದು ಫೆಬ್ರವರಿ. ಇನ್ನೂ ನಾಲ್ಕು ತಾರೀಕು ಸೇರಿದರೆ ನಮ್ಮ ದೂರಿಗೆ ಬಲ ಬರುತ್ತದೆ.