ಪೈಥಾನ್ ಕ್ಯಾಶ್: ಇಂಪೋರ್ಟ್ ಬರೆಯಲಿ ಅಂತ ಬಿಡುವುದೋ, ಕಂಪೈಲ್‌ಆಲ್ ಮೊದಲೇ ಓಡಿಸುವುದೋ?

ಇಂಪೋರ್ಟ್ ಆಗುವಾಗ (ಒಂದು ಕೋಡ್ ಫೈಲನ್ನು ಇನ್ನೊಂದು ಕರೆದುಕೊಳ್ಳುವಾಗ) ಬೈಟ್‌ಕೋಡ್ ಫೈಲ್, ಅಂದರೆ ಮತ್ತೆ ಬಳಸಲು ಉಳಿಸಿಡುವ ಕಂಪೈಲ್ ಆದ ಕೋಡ್ (ಇದೇ ಕ್ಯಾಶ್), ಬರೆಯಲು ಅನುಮತಿ ಇಲ್ಲದಿದ್ದರೆ, ಅಥವಾ ಡಿಸ್ಕ್ ರೀಡ್-ಓನ್ಲಿ ಆಗಿದ್ದರೆ, ಪೈಥಾನ್ ಸುಮ್ಮನಿರುತ್ತದೆ. ಪ್ರೋಗ್ರಾಮ್ ಓಡುತ್ತದೆ, ಆದರೆ ಪ್ರತಿ ಸಲವೂ ಹೊಸದಾಗಿ ಕಂಪೈಲ್ ಆಗುತ್ತದೆ. ಸ್ಟಾರ್ಟ್ ನಿಧಾನ, ಕಾರಣ ಮಾತ್ರ ಕಾಣದು. ವರ್ಬೋಸ್ ಆಯ್ಕೆ (ಹೆಚ್ಚಿನ ವಿವರ ತೋರಿಸುವುದು) ಹಾಕಿದರೆ ಸುಳಿವು ಸಿಗುತ್ತದೆ. ಡೆವಲಪರ್ ಲ್ಯಾಪ್‌ಟಾಪಿಗೆ ಇಂಪೋರ್ಟ್ ದಾರಿಯೇ ಸಾಕು.

ಎಲ್ಲ ಫೈಲ್‌ಗಳನ್ನೂ ಮೊದಲೇ ಕಂಪೈಲ್ ಮಾಡಿಡುವ ಪೈಥಾನ್ ಟೂಲ್ ಕಂಪೈಲ್‌ಆಲ್ ಹಾಗಲ್ಲ. ಬರೆಯಲಾಗದಿದ್ದರೆ ಎರರ್ ತೋರಿಸಿ, ಸೊನ್ನೆಯಲ್ಲದ ಎಕ್ಸಿಟ್ ಕೋಡ್ (ವಿಫಲ ಎಂಬ ಸಂಕೇತ) ಕೊಡುತ್ತದೆ, ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಕಂಟೇನರ್ ಇಮೇಜಿಗೆ (ಪ್ರೋಗ್ರಾಮ್ ಮತ್ತು ಅದಕ್ಕೆ ಬೇಕಾದ್ದೆಲ್ಲ ಸೇರಿದ ಪ್ಯಾಕೇಜಿಗೆ) ಕಣ್ಣು ಮುಚ್ಚಿ ಇದನ್ನೇ ಆರಿಸಿ. ಒಂದು ಎಚ್ಚರ: ಡೀಫಾಲ್ಟ್ ಕ್ಯಾಶ್ ಸೋರ್ಸ್ ಫೈಲಿನ ಸಮಯ ಮತ್ತು ಗಾತ್ರ ನೋಡುತ್ತದೆ. ಆಮೇಲೆ ಕಾಪಿ ಮಾಡುವಾಗ ಸಮಯ ಬದಲಾದರೆ ಮಾಡಿದ್ದೆಲ್ಲ ವ್ಯರ್ಥ. ಪೈಥಾನ್ 3.7ರಿಂದ ಹ್ಯಾಶ್ ಆಧಾರಿತ (ಸಮಯದ ಬದಲು ಫೈಲಿನ ಒಳಗಿನ ವಿಷಯ ನೋಡುವ) ಕ್ಯಾಶ್ ಇದೆ, ಅದನ್ನು ಬಳಸಿ.

ಸೋರ್ಸ್ ಇರುವ ಫೋಲ್ಡರಿನಲ್ಲಿ ಬರೆಯಲಾಗದಿರುವುದು ಮಾತ್ರ ತೊಂದರೆಯಾದರೆ, 3.8ರಿಂದ ಕ್ಯಾಶನ್ನು ಬೇರೆ ಕಡೆ ಇಡಬಹುದು.